ಎಳೆಯರ ಆಟ, ಹಿರಿಯರ ಆತುರ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅಕ್ಷರ ಕಲಿಸುವಾಗ, ಸಂಗೀತ ಕಲಿಸುವಾಗ, ಒಳ್ಳೆಯ ನಡತೆಯನ್ನು ಕಲಿಸುವಾಗ ಹಿರಿಯರು ಈ ಮಾತನ್ನು ನೆನಪಿಸುತ್ತಾರೆ. ಈಗ ಆಟದ ಬಯಲಿನಲ್ಲಿಯೂ ಇದೇ ಗಾದೆ ಕೇಳಿಬರುತ್ತಿದೆ. ಮಗುವಿಗೆ ಆರೇಳು ವರ್ಷ ತುಂಬುವುದರೊಳಗೆ ಅದಕ್ಕೊಂದು ಆಟವನ್ನು ಗೊತ್ತುಮಾಡಿ, ತರಬೇತಿಗೆ ಸೇರಿಸಿ, ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಭಾನುವಾರ ಪಂದ್ಯ, ಬೇಸಿಗೆಯ ರಜೆಯಲ್ಲಿ ವಿಶೇಷ ಶಿಬಿರ ಎಂದು ಹನ್ನೆರಡು ತಿಂಗಳೂ ಆ ಒಂದರಲ್ಲಿಯೇ ತೊಡಗಿಸುವ ತಂದೆತಾಯಿಯರು ನಮ್ಮ ನಗರಗಳಲ್ಲಿ ಕಡಿಮೆಯೇನಿಲ್ಲ. ಏಕೆಂದು ಕೇಳಿದರೆ, ಗಿಡವಾಗಿರುವಾಗಲೇ ಬಗ್ಗಿಸಬೇಕಲ್ಲವೆ ಎನ್ನುತ್ತಾರೆ.

ಗಾದೆ ಸುಳ್ಳಲ್ಲ. ಆದರೆ ಅದು ಹೇಳದೆ ಬಿಟ್ಟ ಮಾತೊಂದಿದೆ. ಎಳೆಯ ಗಿಡ ಬಗ್ಗುತ್ತದೆ, ನಿಜ. ಅಳತೆ ಮೀರಿ ಬಗ್ಗಿಸಿದರೆ ಮುರಿಯುವುದೂ ಆ ಎಳೆಯ ಗಿಡವೇ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮಕ್ಕಳು ಚಿಕ್ಕಂದಿನಲ್ಲಿಯೇ ಆಟಕ್ಕಿಳಿಯುವುದು ತಪ್ಪಲ್ಲ. ಚಿಕ್ಕಂದಿನಲ್ಲಿಯೇ ಒಂದೇ ಆಟಕ್ಕೆ ಕಟ್ಟುಬೀಳುವುದು, ಬಿಡುವೇ ಇಲ್ಲದೆ ಅದನ್ನು ಆಡುವುದು, ನೋವಾದಾಗಲೂ ನಿಲ್ಲಿಸದಿರುವುದು, ಇವು ತಪ್ಪು. ಈ ತಪ್ಪನ್ನು ಮಾಡುವವರು ಬಹುಮಟ್ಟಿಗೆ ಹಿರಿಯರು. ಅದರ ಬೆಲೆಯನ್ನು ತೆರುವವರು ಮಾತ್ರ ಬೆಳೆಯುತ್ತಿರುವ ಮಕ್ಕಳು.

ಮಕ್ಕಳೆಂದರೆ ಅಳತೆಯಲ್ಲಿ ಚಿಕ್ಕವರಾದ ದೊಡ್ಡವರು ಎಂಬ ಭಾವನೆಯಿಂದಲೇ ಈ ತಪ್ಪು ಆರಂಭವಾಗುತ್ತದೆ. ಹದಿಮೂರು ವರ್ಷದ ಹುಡುಗನ ಕಾಲಿನ ಮೂಳೆಗೂ ಮೂವತ್ತು ವರ್ಷದವನ ಕಾಲಿನ ಮೂಳೆಗೂ ಇರುವ ಅಂತರ ಉದ್ದದ್ದು ಮಾತ್ರವಲ್ಲ. ಬೆಳೆಯುತ್ತಿರುವ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಪದರವೊಂದು ಇರುತ್ತದೆ. ಅದಕ್ಕೆ ಬೆಳವಣಿಗೆಯ ಫಲಕ ಎಂದು ಹೆಸರು. ಮೂಳೆ ಉದ್ದವಾಗುವುದು ಈ ಪದರದಿಂದ. ಸಾಮಾನ್ಯವಾಗಿ ಹುಡುಗಿಯರಲ್ಲಿ 14ರಿಂದ 16 ವರ್ಷಗಳ ಹೊತ್ತಿಗೆ, ಹುಡುಗರಲ್ಲಿ 16ರಿಂದ 18 ವರ್ಷಗಳ ಹೊತ್ತಿಗೆ ಈ ಪದರ ಗಟ್ಟಿಯಾದ ಮೂಳೆಯಾಗಿ ಮಾರ್ಪಡುತ್ತದೆ. ಆಗ ಎತ್ತರದ ಬೆಳವಣಿಗೆ ನಿಲ್ಲುತ್ತದೆ. ಅಲ್ಲಿಯವರೆಗೆ ಎಳೆತವನ್ನೂ ಒತ್ತಡವನ್ನೂ ತಾಳಿಕೊಳ್ಳುವುದರಲ್ಲಿ ಇದೇ ಎಲ್ಲಕ್ಕಿಂತ ದುರ್ಬಲವಾದ ಭಾಗ. ದೊಡ್ಡವರಲ್ಲಿ ಸ್ನಾಯು ಹರಿಯಬಹುದಾದ ಸಂದರ್ಭದಲ್ಲಿ ಮಕ್ಕಳಲ್ಲಿ ಈ ಫಲಕಕ್ಕೇ ಪೆಟ್ಟು ಬೀಳುವುದುಂಟು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಿಮ್ಮ ವಯಸ್ಸಿನಲ್ಲಿ ಕೆಲವೇ ತಿಂಗಳುಗಳಲ್ಲಿ ಎತ್ತರ ಏರಿಬಿಡುತ್ತದೆ. ಕಳೆದ ವರ್ಷ ಹೊಲಿಸಿದ ಸಮವಸ್ತ್ರ ಈ ವರ್ಷ ಗಿಡ್ಡವಾಗಿರುವುದನ್ನು ನೀವೇ ಕಂಡಿರಬಹುದು. ಆಗ ಮೂಳೆಗಳು ಮುಂದಾಗಿ ಬೆಳೆಯುತ್ತವೆ. ಸ್ನಾಯುಗಳೂ ಅವುಗಳನ್ನು ಮೂಳೆಗೆ ಬಿಗಿಯುವ ಹಗ್ಗದಂತಹ ಸ್ನಾಯುರಜ್ಜುಗಳೂ ಹಿಂದಿನಿಂದ ಬಂದು ಸೇರಿಕೊಳ್ಳುತ್ತವೆ. ಈ ನಡುವಿನ ಕಾಲದಲ್ಲಿ ರಜ್ಜುಗಳು ಹೆದೆಯೇರಿಸಿದ ಬಿಲ್ಲಿನ ದಾರದಂತೆ ಬಿಗಿದಿರುತ್ತವೆ. ಅಂತಹ ಸಮಯದಲ್ಲಿ ದಿನವೂ ನೂರಾರು ಬಾರಿ ನೆಗೆದು ಓಡಿದರೆ, ತೊಡೆಯ ಸ್ನಾಯುವಿನ ಎಳೆತವೆಲ್ಲ ಮೊಣಕಾಲಿನ ಚಿಪ್ಪಿನ ಕೆಳಗೆ, ರಜ್ಜು ಮೂಳೆಗೆ ಅಂಟಿಕೊಂಡಿರುವ ಎಳೆಯ ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಊತವೂ ನೋವೂ ಕಾಣಿಸಿಕೊಳ್ಳುತ್ತವೆ. 1903ರಲ್ಲಿ ಬಾಸ್ಟನ್ನಿನ ರಾಬರ್ಟ್ ಆಸ್ಗುಡ್, ಜ್ಯೂರಿಕ್ಕಿನ ಕಾರ್ಲ್ ಶ್ಲಾಟರ್ ಎಂಬ ವೈದ್ಯರು ಇದನ್ನು ಬೇರೆ ಬೇರೆಯಾಗಿ ವಿವರಿಸಿದರು. ಆದ್ದರಿಂದ ಈ ತೊಂದರೆಗೆ ಇಂದಿಗೂ ಅವರಿಬ್ಬರ ಹೆಸರೇ ಇದೆ. ಹಿಮ್ಮಡಿಯಲ್ಲಿಯೂ ಇಂತಹುದೇ ನೋವು ಬರುವುದುಂಟು. ವಿಶ್ರಾಂತಿ ದೊರೆತರೆ ಇವು ಬಹುಮಟ್ಟಿಗೆ ತಾವಾಗಿಯೇ ಶಮನವಾಗುತ್ತವೆ. ವಿಶ್ರಾಂತಿ ದೊರೆಯದಿದ್ದರೆ ಚಿಕ್ಕ ನೋವು ತಿಂಗಳುಗಟ್ಟಲೆ ಕಾಡುತ್ತದೆ.

ಆಟದಲ್ಲಿ ಆಗುವ ಗಾಯಗಳಲ್ಲಿ ಎರಡು ಬಗೆ. ಕಬಡ್ಡಿಯಲ್ಲಿ ಬಿದ್ದು ಕೈ ಮುರಿದುಕೊಂಡರೆ ಎಲ್ಲರಿಗೂ ಕಾಣಿಸುತ್ತದೆ, ಎಲ್ಲರೂ ಓಡಿಬರುತ್ತಾರೆ. ಎರಡನೆಯ ಬಗೆಯದು ಸದ್ದಿಲ್ಲದೆ ಬರುತ್ತದೆ. ಒಂದೇ ಚಲನೆಯನ್ನು ಸಾವಿರಾರು ಬಾರಿ ಮಾಡಿದಾಗ ಮೂಳೆಯಲ್ಲಿಯೂ ರಜ್ಜುವಿನಲ್ಲಿಯೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ಹಾನಿಗಳಾಗುತ್ತವೆ. ಇದರಲ್ಲಿ ಹೆದರುವಂತಹುದು ಏನೂ ಇಲ್ಲ. ಆರೋಗ್ಯವಂತ ದೇಹವು ಆ ಹಾನಿಯನ್ನು ಸರಿಪಡಿಸಿ, ಆ ಜಾಗವನ್ನು ಮೊದಲಿಗಿಂತ ಗಟ್ಟಿಮಾಡುತ್ತದೆ. ಆದರೆ ಈ ದುರಸ್ತಿ ನಡೆಯುವುದು ಆಡುವಾಗ ಅಲ್ಲ, ಆಡಿದ ಮೇಲೆ ವಿಶ್ರಮಿಸುವಾಗ, ಅದರಲ್ಲಿಯೂ ಮಲಗಿ ನಿದ್ರಿಸುವಾಗ. ನಿನ್ನೆಯ ದುರಸ್ತಿ ಮುಗಿಯುವ ಮೊದಲೇ ಇಂದಿನ ಹಾನಿ ಬಂದು ಸೇರಿದರೆ ಹನಿಗೂಡಿ ಹಳ್ಳವಾಗುತ್ತದೆ. ಕಡೆಗೊಂದು ದಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಳ್ಳುತ್ತದೆ. ಇದನ್ನೇ ಅತಿಬಳಕೆಯ ಗಾಯ ಎನ್ನುವುದು. ಹೀಗಿರುವಾಗ, ವಿಶ್ರಾಂತಿಯೆಂದರೆ ಅಭ್ಯಾಸಕ್ಕೆ ಬಿದ್ದ ಅಡ್ಡಿ ಎಂದು ತಿಳಿಯುವುದು ಸರಿಯಲ್ಲ. ವಿಶ್ರಾಂತಿಯೂ ಅಭ್ಯಾಸದ ಒಂದು ಅಂಗ.

ನಮ್ಮಲ್ಲಿ ಬಹುಜನರು ಮೆಚ್ಚುವ ಕ್ರಿಕೆಟ್ಟಿನಿಂದಲೇ ಒಂದು ಉದಾಹರಣೆಯನ್ನು ನೋಡಬಹುದು. ವೇಗದ ಬೌಲರನು ಚೆಂಡನ್ನು ಎಸೆಯುವ ಕ್ಷಣದಲ್ಲಿ ಅವನ ಮುಂಗಾಲು ನೆಲವನ್ನು ಅಪ್ಪಳಿಸುತ್ತದೆ. ಅವನ ದೇಹದ ತೂಕದ ಹಲವು ಪಟ್ಟು ಬಲ ಆ ಕಾಲಿನಿಂದ ಮೇಲೇರಿ ಬೆನ್ನಿಗೆ ಬರುತ್ತದೆ. ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಬೆನ್ನೆಲುಬಿನ ಕೆಳಭಾಗದ ಮೂಳೆಗಳು ಹದಿಹರೆಯ ಮುಗಿದ ಮೇಲೂ ಕೆಲವು ವರ್ಷ ಪೂರ್ಣವಾಗಿ ಬಲಿತಿರುವುದಿಲ್ಲ. ಆಸ್ಟ್ರೇಲಿಯದ ಪ್ಯಾಟ್ ಕಮಿನ್ಸ್ 2011ರ ನವೆಂಬರಿನಲ್ಲಿ, 18ನೆಯ ವಯಸ್ಸಿನಲ್ಲಿ, ಜೋಹಾನ್ಸ್‌ಬರ್ಗಿನಲ್ಲಿ ತನ್ನ ಮೊದಲನೆಯ ಟೆಸ್ಟ್ ಪಂದ್ಯವನ್ನು ಆಡಿದರು. ಎರಡನೆಯ ಸರದಿಯಲ್ಲಿ ಆರು ವಿಕೆಟ್ ಪಡೆದು ಪಂದ್ಯದ ಶ್ರೇಷ್ಠ ಆಟಗಾರರೆನಿಸಿಕೊಂಡರು. ಆ ತರುಣನ ಎರಡನೆಯ ಟೆಸ್ಟ್ ಪಂದ್ಯ ಯಾವಾಗ ನಡೆಯಿತು ಗೊತ್ತೆ? 2017ರ ಮಾರ್ಚಿನಲ್ಲಿ, ನಮ್ಮ ದೇಶದ ರಾಂಚಿಯಲ್ಲಿ. ನಡುವಿನ ಐದು ವರ್ಷಗಳಿಗೂ ಹೆಚ್ಚಿನ ಕಾಲವನ್ನು ಬಹುವಾಗಿ ಗಾಯಗಳೇ, ಮುಖ್ಯವಾಗಿ ಬೆನ್ನಿನ ಮೂಳೆಯಲ್ಲಿ ಮತ್ತೆ ಮತ್ತೆ ಬಂದ ಬಿರುಕುಗಳೇ ನುಂಗಿಬಿಟ್ಟವು. ಕಮಿನ್ಸ್ ಮುಂದೆ ತಮ್ಮ ದೇಶದ ನಾಯಕರಾದರು. 2023ರಲ್ಲಿ ವಿಶ್ವಕಪ್ಪನ್ನೂ ಗೆದ್ದರು. ಅವರ ಬೆನ್ನ ಹಿಂದೆ ನುರಿತ ವೈದ್ಯರಿದ್ದರು. ಕಾದು ನೋಡುವ ತಾಳ್ಮೆಯುಳ್ಳ ಮಂಡಳಿಯಿತ್ತು. ಇವೆರಡೂ ಇಲ್ಲದ ಹದಿನೈದು ವರ್ಷದ ಹುಡುಗನ ಬೆನ್ನಿನಲ್ಲಿ ಬಿರುಕು ಬಂದರೆ ಅವನನ್ನು ಕಾಯುವವರು ಯಾರು? ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯು ಎಳೆಯ ವೇಗದ ಬೌಲರುಗಳು ಒಂದು ಸರದಿಯಲ್ಲಿ ಎಷ್ಟು ಓವರು, ಒಂದು ದಿನದಲ್ಲಿ ಎಷ್ಟು ಓವರು ಎಸೆಯಬಹುದೆಂದು ವಯಸ್ಸಿಗೆ ತಕ್ಕಂತೆ ಮಿತಿಯನ್ನು ಗೊತ್ತುಪಡಿಸಿರುವುದು ಈ ಕಾರಣಕ್ಕಾಗಿಯೇ.

ಈ ವಿಷಯದಲ್ಲಿ ಲೆಕ್ಕವಿಟ್ಟು ನೋಡಿದವರಲ್ಲಿ ಅಮೆರಿಕದವರು ಮುಂದು. ಅಲ್ಲಿನ ಜನಪ್ರಿಯ ಆಟವಾದ ಬೇಸ್‌ಬಾಲಿನಲ್ಲಿ ಚೆಂಡನ್ನು ಬಿರುಸಾಗಿ ಎಸೆಯುವ ಆಟಗಾರನನ್ನು ಪಿಚರ್ ಎನ್ನುತ್ತಾರೆ. ಎಸೆಯುವಾಗ ಮೊಣಕೈಯ ಒಳಬದಿಯಲ್ಲಿ ಮೂಳೆಗೂ ಮೂಳೆಗೂ ಬೆಸುಗೆಯಂತಿರುವ ಅಸ್ಥಿರಜ್ಜುವಿನ ಮೇಲೆ ವಿಪರೀತ ಎಳೆತ ಬೀಳುತ್ತದೆ. 1974ರಲ್ಲಿ ಟಾಮಿ ಜಾನ್ ಎಂಬ 31 ವರ್ಷದ ವೃತ್ತಿಪರ ಪಿಚರನ ಹರಿದ ಅಸ್ಥಿರಜ್ಜುವಿನ ಬದಲಿಗೆ, ಅವನದೇ ಇನ್ನೊಂದು ಕೈಯಿಂದ ತೆಗೆದ ಸ್ನಾಯುರಜ್ಜುವನ್ನು ಫ್ರಾಂಕ್ ಜೋಬ್ ಎಂಬ ಶಸ್ತ್ರವೈದ್ಯರು ಕಸಿಮಾಡಿದರು. ಅಂದು ಅದೊಂದು ವೈದ್ಯಕೀಯ ಸಾಹಸ. ಮೊದಲು ನಡುವಯಸ್ಸು ಮುಟ್ಟುತ್ತಿದ್ದ ವೃತ್ತಿಪರರಿಗೆ ನಡೆದ ಅದೇ ಶಸ್ತ್ರಚಿಕಿತ್ಸೆ ಮುಂದೆ ಪ್ರೌಢಶಾಲೆಯ ಹುಡುಗರಿಗೂ ಬೇಕಾಗಿ ಬಂದಾಗ ವೈದ್ಯರೇ ಬೆಚ್ಚಿದರು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಶಸ್ತ್ರಚಿಕಿತ್ಸೆಗೆ ಒಳಗಾದ ಹದಿಹರೆಯದ ಪಿಚರುಗಳನ್ನು ಗಾಯಗೊಳ್ಳದ ಪಿಚರುಗಳೊಂದಿಗೆ ಹೋಲಿಸಿತು. ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಪಂದ್ಯಗಳಲ್ಲಿ ಎಸೆದವರಿಗೆ ಗಾಯದ ಸಂಭವ ಐದು ಪಟ್ಟು ಇದ್ದಿತು. ತೋಳು ದಣಿದ ಮೇಲೂ ನಿಲ್ಲಿಸದೆ ಎಸೆಯುವ ಅಭ್ಯಾಸವುಳ್ಳವರಿಗೆ ಅದು 36 ಪಟ್ಟು ಇದ್ದಿತು. ಈ ಎರಡನೆಯ ಅಂಕಿಯನ್ನು ಓದಿದಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಅಪಾಯವನ್ನು ತಿಳಿಸಲು ಯಾವ ಯಂತ್ರವೂ ಬೇಕಿರಲಿಲ್ಲ. ದಣಿದ ತೋಳು ತಾನೇ ಅದನ್ನು ಹೇಳುತ್ತಿತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ, ಅಷ್ಟೆ. ಮರುವರ್ಷ, 2007ರಲ್ಲಿ, ಅಲ್ಲಿನ ಬಾಲಕರ ಬೇಸ್‌ಬಾಲ್ ಸಂಸ್ಥೆಯು ಒಂದು ದಿನಕ್ಕೆ ಇಂತಿಷ್ಟೇ ಎಸೆತಗಳೆಂಬ ಕಟ್ಟಳೆಯನ್ನು ಜಾರಿಗೆ ತಂದಿತು. ಅದರಂತೆ 11, 12 ವರ್ಷದವರು ದಿನಕ್ಕೆ 85 ಎಸೆತಗಳನ್ನು ಮೀರುವಂತಿಲ್ಲ.

ಇತರ ಆಟಗಳೂ ಪಾಠವನ್ನು ಕಲಿತಿವೆ, ಆದರೆ ಮಕ್ಕಳು ನೋವುಂಡ ಮೇಲೆ. 1979ರಲ್ಲಿ 16ನೆಯ ವಯಸ್ಸಿನಲ್ಲಿಯೇ ಅಮೆರಿಕದ ಮುಕ್ತ ಟೆನಿಸ್ ಪ್ರಶಸ್ತಿಯನ್ನು ಗೆದ್ದ ಟ್ರೇಸಿ ಆಸ್ಟಿನ್, ಬೆನ್ನುನೋವು ಮೊದಲಾದ ಗಾಯಗಳಿಂದಾಗಿ 21 ವರ್ಷ ತುಂಬುವ ಹೊತ್ತಿಗೆ ದೊಡ್ಡ ಪಂದ್ಯಗಳಿಂದ ಬಹುಮಟ್ಟಿಗೆ ಮರೆಯಾಗಿದ್ದರು. ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ, ಇನ್ನೂ 14 ತುಂಬುವ ಮುನ್ನ ವೃತ್ತಿಪರ ಆಟಗಾರ್ತಿಯಾದರು; ಕೆಲವೇ ವರ್ಷಗಳಲ್ಲಿ ಬೇಸತ್ತು ಆಟದಿಂದ ದೂರ ಸರಿದರು. 1995ರಿಂದ ಮಹಿಳಾ ಟೆನಿಸ್ ಸಂಘವು 18 ವರ್ಷ ತುಂಬುವವರೆಗೆ ಆಡಬಹುದಾದ ವೃತ್ತಿಪರ ಪಂದ್ಯಾವಳಿಗಳ ಸಂಖ್ಯೆಗೆ ಮಿತಿ ಹಾಕಿತು. 1976ರ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡೆಗಳಲ್ಲಿ ಜಿಮ್ನಾಸ್ಟಿಕ್ಸಿನಲ್ಲಿ ಪೂರ್ಣಾಂಕ ಪಡೆದು ಜಗತ್ತನ್ನು ಬೆರಗುಗೊಳಿಸಿದ ರುಮೇನಿಯದ ನಾದಿಯಾ ಕೊಮನೆಚಿಗೆ ಆಗ 14 ವರ್ಷ. ಮಹಿಳೆಯರ ಜಿಮ್ನಾಸ್ಟಿಕ್ಸಿನ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಬೇಕಾದ ವಯಸ್ಸನ್ನು 1981ರಲ್ಲಿ 15ಕ್ಕೂ 1997ರಲ್ಲಿ 16ಕ್ಕೂ ಏರಿಸಲಾಯಿತು. ಮಂಜಿನ ಮೇಲಿನ ನೃತ್ಯಸ್ಪರ್ಧೆಯಾದ ಫಿಗರ್ ಸ್ಕೇಟಿಂಗಿನಲ್ಲಿಯೂ ಹಿರಿಯರ ವಿಭಾಗದ ವಯೋಮಿತಿಯನ್ನು 15ರಿಂದ 17ಕ್ಕೆ ಏರಿಸುವ ತೀರ್ಮಾನ 2022ರಲ್ಲಿ ಆಯಿತು. ಕಟ್ಟಳೆಗಳು ಬಂದುವೆಂದರೆ, ತಡೆಯದಿದ್ದರೆ ಹಿರಿಯರು ತಾವಾಗಿ ನಿಲ್ಲುವುದಿಲ್ಲ ಎಂದೇ ಅರ್ಥ.

ನಮ್ಮ ದೇಶದ ಒಂದು ಸಂಗತಿಯನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2006ರ ಮೇ ತಿಂಗಳ ಬಿಸಿಲಿನಲ್ಲಿ ಒಡಿಶಾದ ನಾಲ್ಕು ವರ್ಷದ ಬಾಲಕ ಬುಧಿಯಾ ಸಿಂಗ್ ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿಲೋಮೀಟರ್ ದೂರವನ್ನು ಏಳು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಸಮಯದಲ್ಲಿ ಓಡಿದನು. ದಾರಿಯುದ್ದಕ್ಕೂ ಜನ ಚಪ್ಪಾಳೆ ತಟ್ಟಿದರು. ಪತ್ರಿಕೆಗಳು ಕೊಂಡಾಡಿದವು. ಆಮೇಲೆ ವೈದ್ಯರು ಅವನನ್ನು ಪರೀಕ್ಷಿಸಿ ಕಳವಳಗೊಂಡರು. ಸರ್ಕಾರವು ಅಂತಹ ದೀರ್ಘ ಓಟಗಳಿಗೆ ತಡೆ ಹಾಕಿತು. ಬಡತನದಲ್ಲಿ ಹುಟ್ಟಿದ ಆ ಮಗುವಿಗೆ ಓಟವು ಅನ್ನಕ್ಕೂ ಆಶ್ರಯಕ್ಕೂ ದಾರಿಯಾಗಿತ್ತೆಂಬುದನ್ನು ಮರೆಯುವಂತಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ 65 ಕಿಲೋಮೀಟರ್ ಓಡಬೇಕೆಂಬ ಹಂಬಲ ಯಾರದು? ನಾಲ್ಕು ವರ್ಷದ ಮಗು ಓಡಬಲ್ಲದು, ಕುಣಿಯಬಲ್ಲದು, ದಣಿದರೆ ಕುಳಿತುಬಿಡಬಲ್ಲದು. ದಾಖಲೆ ಎಂಬುದು ಮಾತ್ರ ಹಿರಿಯರ ಮಾತು.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ‘ಹತ್ತು ಸಾವಿರ ಗಂಟೆ ಅಭ್ಯಾಸ ಮಾಡದೆ ಯಾರೂ ನಿಪುಣರಾಗುವುದಿಲ್ಲವಂತೆ, ಬೇಗ ತೊಡಗದಿದ್ದರೆ ಅಷ್ಟು ಗಂಟೆಗಳನ್ನು ತುಂಬಿಸುವುದು ಹೇಗೆ?’ ಎಂದು ಅವರು ಕೇಳುತ್ತಾರೆ. ಈ ಮಾತಿನ ಮೂಲ 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನ. ಅವರು ಗಮನಿಸಿದ್ದು ಆಟಗಾರರನ್ನಲ್ಲ, ಬರ್ಲಿನ್ನಿನ ಸಂಗೀತ ವಿದ್ಯಾಲಯದಲ್ಲಿ ಪಿಟೀಲು ಕಲಿಯುತ್ತಿದ್ದವರನ್ನು. ಅವರಲ್ಲಿ ಮೇಲ್ಮಟ್ಟದವರು ಇಪ್ಪತ್ತನೆಯ ವಯಸ್ಸಿನ ಹೊತ್ತಿಗೆ ಸರಾಸರಿ ಹತ್ತು ಸಾವಿರ ಗಂಟೆಗಳಷ್ಟು ಸಾಧನೆ ಮಾಡಿದ್ದರೆಂಬುದು ನಿಜ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ. ಹೆಚ್ಚು ನುರಿತವರು ಉಳಿದವರಿಗಿಂತ ಹೆಚ್ಚು ನಿದ್ರಿಸುತ್ತಿದ್ದರು. ಮಧ್ಯಾಹ್ನವೂ ಸ್ವಲ್ಪ ಹೊತ್ತು ಮಲಗುತ್ತಿದ್ದರು. ಲೋಕವು ಅವರ ಸಾಧನೆಯ ಗಂಟೆಗಳನ್ನು ನೆನಪಿಟ್ಟುಕೊಂಡು ನಿದ್ರೆಯ ಗಂಟೆಗಳನ್ನು ಮರೆತುಬಿಟ್ಟಿತು.

ಬೇಗ ಒಂದೇ ಆಟಕ್ಕೆ ಕಟ್ಟುಬೀಳದಿದ್ದರೂ ಎತ್ತರಕ್ಕೇರಬಹುದೆಂಬುದಕ್ಕೆ ಸಾಕ್ಷಿಗಳಿವೆ. ಟೆನಿಸ್ ಲೋಕದ ದೊರೆಗಳೆನಿಸಿದ್ದ ರೋಜರ್ ಫೆಡರರ್ ಮತ್ತು ರಫೇಲ್ ನಡಾಲ್ ಇಬ್ಬರೂ ಸುಮಾರು ಹನ್ನೆರಡು ವರ್ಷದವರೆಗೆ ಕಾಲ್ಚೆಂಡಾಟವನ್ನೂ ಆಡುತ್ತಿದ್ದರು. ನಮ್ಮ ನಾಡಿನವರೇ ಆದ ಪ್ರಕಾಶ್ ಪಡುಕೋಣೆಯವರ ಬಾಲ್ಯವನ್ನು ನೋಡಿ. 1980ರಲ್ಲಿ ಅಖಿಲ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ಮೊದಲ ಭಾರತೀಯರಾದ ಅವರು ಚಿಕ್ಕಂದಿನಲ್ಲಿಯೇ ಆ ಆಟಕ್ಕೆ ತೊಡಗಿದವರು. ಆದರೆ 1960ರ ದಶಕದ ಬೆಂಗಳೂರಿನಲ್ಲಿ ಅವರಿಗೆ ಆಟದ ಅಂಕಣವಾಗಿದ್ದುದು ಮನೆಯ ಬಳಿಯ ಕೆನರಾ ಯೂನಿಯನ್ನಿನ ಮದುವೆಯ ಮಂಟಪ. ಶಾಲೆ ಬಿಟ್ಟೊಡನೆ ಮಂಟಪದಲ್ಲಿ ಸಮಾರಂಭವಿದೆಯೆ ಎಂದು ವಿಚಾರಿಸುವುದು. ಇಲ್ಲವೆಂದಾದರೆ ಓಡಿಹೋಗಿ ಆಡುವುದು. ಇದ್ದರೆ ಅಂದು ಆಟಕ್ಕೆ ರಜೆ. ಮದುವೆಯ ಓಲಗವೇ ಅವರನ್ನು ವಿಜಯಿಯನ್ನಾಗಿ ಮಾಡಿತೆಂದು ನಾನು ಹೇಳುತ್ತಿಲ್ಲ. ಆದರೆ ಬೇಗ ತೊಡಗುವುದು ಬೇರೆ, ಬಿಡುವಿಲ್ಲದೆ ತೊಡಗುವುದು ಬೇರೆ ಎಂಬುದು ಇದರಿಂದ ತಿಳಿಯುತ್ತದೆ. ಆಟಕ್ಕೆ ರಜೆ ಬಿದ್ದ ದಿನಗಳಿಂದ ಅವರ ಆಟವೇನೂ ಕುಂದಲಿಲ್ಲ.

ನಮ್ಮ ಹಳ್ಳಿಗಳ ಮಕ್ಕಳ ಆಟಗಳಲ್ಲಿ ಈ ವಿವೇಕ ತಾನಾಗಿಯೇ ಅಡಗಿತ್ತು. ಆಷಾಢದ ಗಾಳಿ ಬೀಸಿದರೆ ಗಾಳಿಪಟ, ಬಯಲು ಒಣಗಿದರೆ ಚಿನ್ನಿದಾಂಡು, ಲಗೋರಿ. ಕೆರೆ ತುಂಬಿದರೆ ಈಜು. ಮಳೆ ಹಿಡಿದರೆ ಜಗಲಿಯ ಮೇಲೆ ಚೌಕಾಬಾರ, ಅಳಗುಳಿಮಣೆ. ಮರಕೋತಿಯಾಟದಲ್ಲಿ ತೋಳಿಗೆ ಕೆಲಸ, ಕುಂಟೆಬಿಲ್ಲೆಯಲ್ಲಿ ಕಾಲಿಗೆ ಕೆಲಸ, ಗೋಲಿಯಾಟದಲ್ಲಿ ಕಣ್ಣಿಗೂ ಬೆರಳಿಗೂ ಕೆಲಸ. ಯಾವ ಅಂಗವೂ ವರ್ಷವಿಡೀ ಒಂದೇ ಭಾರವನ್ನು ಹೊರುತ್ತಿರಲಿಲ್ಲ. ಒಂದೇ ಹೊಲದಲ್ಲಿ ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವ ರೈತನು ನೆಲದ ಕಸುವನ್ನು ಕಾಯುವಂತೆ, ಹಲವು ಆಟಗಳು ಎಳೆಯ ದೇಹದ ಕಸುವನ್ನು ಕಾಯುತ್ತವೆ. ಇದು ಬರಿಯ ಹೋಲಿಕೆಯಲ್ಲ. ಚಿಕಾಗೋ ಬಳಿಯ ಲೊಯೋಲಾ ವಿಶ್ವವಿದ್ಯಾಲಯದ ವೈದ್ಯರು ಸಾವಿರಕ್ಕೂ ಹೆಚ್ಚು ಎಳೆಯ ಕ್ರೀಡಾಪಟುಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಆಟಕ್ಕೆ ಕಟ್ಟುಬಿದ್ದವರಲ್ಲಿ ಅತಿಬಳಕೆಯ ತೀವ್ರ ಗಾಯಗಳು ಹೆಚ್ಚಾಗಿ ಕಂಡುಬಂದವು. ತಮ್ಮ ವಯಸ್ಸಿನ ವರ್ಷಗಳಿಗಿಂತ ಹೆಚ್ಚು ಗಂಟೆ ವಾರಕ್ಕೆ ತರಬೇತಿ ಪಡೆಯುವವರಲ್ಲಿಯೂ, ಸ್ವಚ್ಛಂದವಾಗಿ ಆಡುವ ಹೊತ್ತಿನ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ತರಬೇತಿಯಲ್ಲಿಯೇ ಕಳೆಯುವವರಲ್ಲಿಯೂ ಇದೇ ಫಲ ಕಂಡಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ನಮ್ಮಲ್ಲಿ ಬಹು ಮಂದಿ ಮಕ್ಕಳಿಗೆ ಆಟವೆಂದರೆ ಹವ್ಯಾಸ ಮಾತ್ರವಲ್ಲ. ಕ್ರೀಡಾ ವಸತಿನಿಲಯದಲ್ಲಿ ಒಂದು ಸ್ಥಾನ, ಕಾಲೇಜಿನಲ್ಲಿ ಕ್ರೀಡಾ ಮೀಸಲಿನ ಪ್ರವೇಶ, ಮುಂದೆ ರೈಲ್ವೆಯಲ್ಲಿಯೋ ಪೊಲೀಸ್ ಇಲಾಖೆಯಲ್ಲಿಯೋ ಒಂದು ಕೆಲಸ, ಇವುಗಳ ಆಸೆ ಅದರಲ್ಲಿದೆ. ಕೂಲಿ ಮಾಡುವ ತಾಯಿಯೊಬ್ಬಳು ಮಗಳ ಓಟದ ಬೂಟಿಗಾಗಿ ಹಣ ಕೂಡಿಡುತ್ತಾಳೆಂದರೆ ಆಕೆಯ ಆತುರವನ್ನು ಹಗುರವಾಗಿ ಟೀಕಿಸುವ ಹಕ್ಕು ನಮಗಿಲ್ಲ. ಆದರೆ ನನ್ನ ವಾದಕ್ಕೆ ಹೆಚ್ಚಿನ ಬಲ ಬರುವುದು ಇಲ್ಲಿಯೇ. ಉಳ್ಳವರ ಮನೆಯ ಹುಡುಗ ಗಾಯಗೊಂಡರೆ ಅವನಿಗೆ ಒಳ್ಳೆಯ ಚಿಕಿತ್ಸೆ ದೊರೆಯುತ್ತದೆ. ಆಟ ತಪ್ಪಿದರೆ ಬೇರೆ ದಾರಿಗಳಿವೆ. ಆಟವೊಂದನ್ನೇ ನೆಚ್ಚಿಕೊಂಡು, ಪಾಠವನ್ನೂ ಬದಿಗಿಟ್ಟ ಬಡ ಹುಡುಗಿಯ ಮೊಣಕಾಲು ಹದಿನಾರನೆಯ ವಯಸ್ಸಿಗೇ ಕೈಕೊಟ್ಟರೆ ಅವಳಿಗೆ ಉಳಿಯುವುದೇನು? ಯಾರಿಗೆ ಆಟವೇ ಆಸರೆಯೋ ಅವರ ಮೂಳೆಯನ್ನು ಎಲ್ಲರಿಗಿಂತ ಹೆಚ್ಚು ಜೋಪಾನವಾಗಿ ಕಾಯಬೇಕು.

ಹಾಗಾದರೆ ಏನು ಮಾಡಬೇಕು? ಅಮೆರಿಕದ ಮಕ್ಕಳ ವೈದ್ಯರ ಸಂಘವು 2016ರಲ್ಲಿ ಕೊಟ್ಟ ಸಲಹೆಗಳು ಸರಳವಾಗಿವೆ. ಒಂದೇ ಆಟವನ್ನು ಆರಿಸಿಕೊಳ್ಳುವುದನ್ನು ಸಾಧ್ಯವಾದಷ್ಟು ಮಟ್ಟಿಗೆ 15, 16 ವರ್ಷದವರೆಗೆ ಮುಂದೂಡಬೇಕು. ವಾರಕ್ಕೆ ಒಂದೆರಡು ದಿನ ಪೂರ್ಣ ವಿರಾಮವಿರಬೇಕು. ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳ ಕಂತಿನಲ್ಲಿ, ಆ ಆಟವನ್ನು ಬಿಟ್ಟಿರಬೇಕು; ಆಗ ಬೇರೆ ಆಟಗಳನ್ನು ಆಡಬಹುದು. ಇವುಗಳಿಗೆ ಹಣ ಬೇಕಾಗಿಲ್ಲ, ಸಲಕರಣೆ ಬೇಕಾಗಿಲ್ಲ, ತಾಳ್ಮೆಯೊಂದು ಬೇಕು. ಜಿಮ್ನಾಸ್ಟಿಕ್ಸಿನಂತಹ ಕೆಲವು ಆಟಗಳಲ್ಲಿ ಬೇಗ ತೊಡಗಲೇಬೇಕಾಗಬಹುದು. ಅಲ್ಲಿ ವಿರಾಮದ ಕಟ್ಟಳೆ ಇನ್ನೂ ಬಿಗಿಯಾಗಿರಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ‘ಸಾರ್, ಮೊಣಕಾಲು ನೋಯುತ್ತಿದೆ’ ಎಂದು ಹುಡುಗನೊಬ್ಬ ಹೇಳುತ್ತಾನೆ. ‘ಇಷ್ಟಕ್ಕೇ ಹೆದರಿದರೆ ಹೇಗೆ? ಇನ್ನೆರಡು ಸುತ್ತು ಓಡು, ತಾನೇ ಹೋಗುತ್ತದೆ’ ಎಂಬ ಉತ್ತರ ಬರುತ್ತದೆ. ಮುಂದಿನ ಸಲ ಅವನು ಹೇಳುವುದಿಲ್ಲ. ತಂಡದಿಂದ ಕೈಬಿಟ್ಟಾರು, ಮನೆಯವರು ನೊಂದುಕೊಂಡಾರು, ಗೆಳೆಯರು ನಕ್ಕಾರು ಎಂಬ ಅಂಜಿಕೆಯಿಂದ ನೋವನ್ನು ನುಂಗಿಕೊಳ್ಳುತ್ತಾನೆ. ನೋವನ್ನು ಮುಚ್ಚಿಡುವುದನ್ನು ನಾವು ಶೌರ್ಯವೆಂದು ಹೊಗಳುತ್ತೇವೆ. ಆಡಿದ ಮೇಲೆ ಮೈಕೈ ನೋಯುವುದು ಸಹಜ. ಅದು ಒಂದೆರಡು ದಿನಗಳಲ್ಲಿ ಹೋಗುತ್ತದೆ. ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ನೋವು, ಕುಂಟುವಂತೆ ಮಾಡುವ ನೋವು, ರಾತ್ರಿ ನಿದ್ರೆ ಕೆಡಿಸುವ ನೋವು, ಇವು ದೇಹ ಕೊಡುವ ಎಚ್ಚರಿಕೆ. ಇವನ್ನು ಹೇಳಿಕೊಳ್ಳುವುದು ಹೇಡಿತನವಲ್ಲ. ನಿಮ್ಮ ದೇಹದೊಳಗೆ ಏನಾಗುತ್ತಿದೆ ಎಂಬುದನ್ನು ಮೊದಲು ಅರಿಯಬಲ್ಲವರು ನೀವೇ. ನೀವು ಹೇಳಬೇಕು, ಹಿರಿಯರು ನಂಬಬೇಕು. ನೋಯುತ್ತಿದೆ ಎಂದ ಮಗುವನ್ನು ಕೂರಿಸಿ, ನೀರು ಕೊಟ್ಟು, ವೈದ್ಯರಿಗೆ ತೋರಿಸಿ, ಅವನ ಸ್ಥಾನವನ್ನು ಅವನಿಗಾಗಿ ಕಾದಿಡುವ ದೈಹಿಕ ಶಿಕ್ಷಕರು ಒಂದು ಪಂದ್ಯವನ್ನು ಕಳೆದುಕೊಳ್ಳಬಹುದು. ಆದರೆ ಅವರು ಒಬ್ಬ ಆಟಗಾರನನ್ನು ಉಳಿಸಿಕೊಳ್ಳುತ್ತಾರೆ.

ಇದನ್ನು ಓದಿ ಯಾರೂ ಆಟದಿಂದ ಹಿಂದೆಗೆಯಬೇಕಾಗಿಲ್ಲ. ಆಟದ ಬಯಲೇ ಇಲ್ಲದ ಶಾಲೆಗಳು, ಆಟದ ಅವಧಿಯನ್ನು ಗಣಿತಕ್ಕೆ ಒಪ್ಪಿಸುವ ವೇಳಾಪಟ್ಟಿಗಳು ನಮ್ಮಲ್ಲಿವೆ. ಒಂದು ಕಡೆ ಆಟವೇ ಇಲ್ಲದ ಮಕ್ಕಳು, ಇನ್ನೊಂದು ಕಡೆ ಆಟವೇ ಹೊರೆಯಾದ ಮಕ್ಕಳು. ಇವರಿಬ್ಬರ ಕೊರತೆಯೂ ಮೂಲದಲ್ಲಿ ಒಂದೇ: ಮನಸಾರೆ ಆಡುವ ಸಂತೋಷ ಇಬ್ಬರಿಗೂ ತಪ್ಪಿಹೋಗಿದೆ. ಆದ್ದರಿಂದ ಆಡಿ, ಹಲವು ಆಟಗಳನ್ನು ಆಡಿ, ದಣಿದಾಗ ನಿಲ್ಲಿ, ಮರುದಿನ ಮತ್ತೆ ಆಡಿ.

ನಮ್ಮ ರೈತರು ಹಾಲುಹಲ್ಲಿನ ಕರುವಿನ ಹೆಗಲಿಗೆ ನೊಗವನ್ನು ಹೂಡುವುದಿಲ್ಲ. ಅದು ತಾಯಿಯ ಹಿಂದೆ ಕುಣಿಯುತ್ತದೆ, ಬಯಲಲ್ಲಿ ಓಡುತ್ತದೆ, ದಿನದಿನಕ್ಕೆ ಬಲಿಯುತ್ತದೆ. ಹಲ್ಲು ಮೂಡಿ ಹೆಗಲು ಗಟ್ಟಿಯಾದ ಮೇಲೆ, ಮೊದಲು ಬರಿಯ ನೊಗವನ್ನು ಹೊರಿಸಿ, ಆಮೇಲೆ ಹಗುರವಾದ ಕೆಲಸಕ್ಕೆ ಕಟ್ಟಿ, ಕಡೆಗೆ ನೇಗಿಲಿಗೆ ಹೂಡುತ್ತಾರೆ. ಹೀಗೆ ಪಳಗಿದ ಎತ್ತು ಹತ್ತಾರು ವರ್ಷ ದುಡಿಯುತ್ತದೆ. ದನಕರುಗಳ ವಿಷಯದಲ್ಲಿ ನಾವು ತೋರುವ ಈ ವಿವೇಕವನ್ನು ನಮ್ಮ ಮಕ್ಕಳ ವಿಷಯದಲ್ಲಿಯೂ ತೋರಬೇಡವೆ? ಗಿಡವನ್ನು ಬಗ್ಗಿಸುವ ಕೈಗೆ ಗಿಡ ಎಷ್ಟು ಬಗ್ಗೀತೆಂಬ ಅರಿವೂ ಇರಬೇಕು.